ಸ್ವತಂತ್ರ ಬದುಕಿನ ದುಡ್ಡು ಯಾರ ಕೈಯಲ್ಲಿರಬೇಕು?

ಲಂಡನ್ನಿನ ವಾಯವ್ಯ ಅಂಚಿನಲ್ಲಿರುವ ಎಜ್‌ವೇರ್ ಊರನ್ನು ಒಂದು ರಸ್ತೆ ಸೀಳಿಕೊಂಡು ಹೋಗುತ್ತದೆ. ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್ ಅದು, ಈಗಿನ ಎ5. ರಸ್ತೆಯ ಪೂರ್ವಕ್ಕೆ ಬಾರ್ನೆಟ್ ಕೌನ್ಸಿಲ್, ಪಶ್ಚಿಮಕ್ಕೆ ಹ್ಯಾರೋ, ದಕ್ಷಿಣದ ಕಡೆ ಒಂದಿಷ್ಟು ಬ್ರೆಂಟ್. ಕೈಕಾಲು ಗಟ್ಟಿ ಇರುವವರಿಗೆ ಈ ಗಡಿ ನೆನಪಾಗುವುದು ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂದಾಗ ಮಾತ್ರ. ವೀಲ್‌ಚೇರಿನಲ್ಲಿ ಬದುಕುವವರಿಗೆ ಹಾಗಲ್ಲ. ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸಲು ಬರುವವರಿಗೆ ಗಂಟೆಗೆಷ್ಟು, ಅದರಲ್ಲಿ ನಮ್ಮ ಜೇಬಿನಿಂದ ಹೋಗುವುದೆಷ್ಟು, ಹಾಸಿಗೆಯಿಂದ ಎತ್ತುವ ಹಾಯ್ಸ್ಟ್ ಕೆಟ್ಟರೆ ಯಾವ ಕಂಪನಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಆಯಾ ಬದಿಯ ಕೌನ್ಸಿಲ್ ತೀರ್ಮಾನಿಸುತ್ತದೆ. ಕಾನೂನೇನೋ ಎರಡೂ ಬದಿಗೆ ಒಂದೇ, 2014ರ ಕೇರ್ ಆಕ್ಟ್. ಮನೆ ಬದಲಿಸಿ ರಸ್ತೆ ದಾಟಿದವರ ನೆರವು ನಡುವೆ ತಪ್ಪಬಾರದು ಎಂದು ಅದರಲ್ಲಿ ಪ್ರತ್ಯೇಕ ಸೆಕ್ಷನ್ನೇ ಇದೆ. ಆದರೂ ಹೊಸ ಕೌನ್ಸಿಲ್ ಮತ್ತೆ ಮೊದಲಿನಿಂದ ಅಳೆದು ನೋಡಿಯೇ ನೋಡುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಇದನ್ನು ಗೊಣಗಿ ಬಿಟ್ಟುಬಿಡಬಹುದು. ಆದರೆ ಇದರ ಕೆಳಗೆ ದೊಡ್ಡ ಪ್ರಶ್ನೆಯೊಂದಿದೆ. ಅಂಗವಿಕಲರ ನೆರವಿಗೆಂದು ಸಮಾಜ ತೆಗೆದಿಟ್ಟ ದುಡ್ಡು ಕಚೇರಿಯ ಕೈಯಲ್ಲಿರಬೇಕೋ, ಅವರ ಕೈಗೇ ಹೋಗಬೇಕೋ? ನೆರವಿನ ಯಂತ್ರಗಳು ಆಳಿನ ಬದಲಿಗೆ ಬರಬೇಕೋ, ಆಳಿನ ಜೊತೆಗೆ ಬರಬೇಕೋ? ಈ ಎರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಒಂದೇ ಎಂಬುದು ನನ್ನ ವಾದ. ದುಡ್ಡು ಯಾರ ಕೈಯಲ್ಲಿದೆಯೋ ಯಂತ್ರ ಅವರ ಕೆಲಸ ಮಾಡುತ್ತದೆ. ಕಚೇರಿ ಕೊಂಡ ಯಂತ್ರ ಕಚೇರಿಯ ಖರ್ಚು ಉಳಿಸುತ್ತದೆ, ಬಳಸುವವರು ಆರಿಸಿಕೊಂಡ ಯಂತ್ರ ಅವರ ದಿನವನ್ನು ದೊಡ್ಡದು ಮಾಡುತ್ತದೆ.

ಎಜ್‌ವೇರ್‌ನಿಂದ ಅದೇ ರಸ್ತೆಯಲ್ಲಿ ಉತ್ತರಕ್ಕೆ ಏರಿದರೆ ಬ್ರಾಕ್ಲಿ ಹಿಲ್ ಮೇಲೆ ರಾಯಲ್ ನ್ಯಾಷನಲ್ ಆರ್ಥೋಪೀಡಿಕ್ ಆಸ್ಪತ್ರೆ ಸಿಗುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ನೋಡಿಕೊಳ್ಳುವ ಕೇಂದ್ರ ಅಲ್ಲಿದೆ. 1983ರಲ್ಲಿ ಹುಟ್ಟಿದ ಆಸ್ಪೈರ್ ಎಂಬ ಸೇವಾಸಂಸ್ಥೆಯ ನೆಲೆಯೂ ಅಲ್ಲೇ. ಬೆರಳಾಡಿಸಲು ಬಾರದವರು ಕಂಪ್ಯೂಟರ್ ಬಳಸುವುದು ಹೇಗೆಂದು ಅದು ಕಲಿಸುತ್ತದೆ, ಬೇಕಾದ ಸಲಕರಣೆ ಹೊಂದಿಸಿಕೊಡುತ್ತದೆ. ಬ್ರಿಟನ್ನಿಗೆ ಈ ವಿದ್ಯೆ ಹೊಸದಲ್ಲ. 1960ರ ಸುಮಾರಿಗೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ರೆಗ್ ಮೇಲಿಂಗ್ ಎಂಬುವರು ‘ಪಾಸಮ್’ ಯಂತ್ರ ಕಟ್ಟಿದ್ದರು. ಬಾಯಲ್ಲಿ ಹಿಡಿದ ಕೊಳವೆಯಲ್ಲಿ ಉಸಿರೆಳೆದು, ಉಸಿರೂದಿ, ಕತ್ತಿನ ಕೆಳಗೆ ಏನೂ ಆಡದವರು ದೀಪ ಹಾಕಬಹುದಿತ್ತು, ಗಂಟೆ ಬಾರಿಸಬಹುದಿತ್ತು, ಟೈಪ್ ಮಾಡಬಹುದಿತ್ತು.

ಆದರೆ ಹಾಗೆ ಟೈಪ್ ಮಾಡಿದ ಪತ್ರ ಹೊರಡುತ್ತಿದ್ದುದು ಬಹುಪಾಲು ಆಶ್ರಮಗಳಿಂದ. ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ಅಲ್ಲಿನ ಸಿಬ್ಬಂದಿಯ ಪಾಳಿಯ ಮೇಲೆ. ಇದನ್ನು ಮುರಿದದ್ದು ಯಂತ್ರವಲ್ಲ. ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಎಂಬ ಆಶ್ರಮದ ಕೆಲವು ನಿವಾಸಿಗಳು 1979ರಲ್ಲಿ ‘ಪ್ರಾಜೆಕ್ಟ್ 81’ ಎಂಬ ಗುಂಪು ಕಟ್ಟಿಕೊಂಡರು. ನಮ್ಮನ್ನು ಇಲ್ಲಿಟ್ಟುಕೊಳ್ಳಲು ನೀವು ಹೇಗೂ ಖರ್ಚು ಮಾಡುತ್ತಿದ್ದೀರಿ, ಅದೇ ದುಡ್ಡನ್ನು ನಮಗೆ ಕೊಡಿ, ನಮ್ಮ ಮನೆಯಲ್ಲಿ ನಮಗೆ ಬೇಕಾದ ಸಹಾಯಕರನ್ನು ನಾವೇ ಇಟ್ಟುಕೊಳ್ಳುತ್ತೇವೆ ಎಂಬುದು ಅವರ ಬೇಡಿಕೆ. ಕೌನ್ಸಿಲ್ ನೇರವಾಗಿ ನಗದು ಕೊಡುವುದಕ್ಕೆ ಆಗ ಕಾನೂನು ಅಡ್ಡ ಬರುತ್ತಿತ್ತು. ಹಾಗಾಗಿ ದುಡ್ಡು ಆಶ್ರಮದ ಲೆಕ್ಕದ ಮೂಲಕ ಸುತ್ತಿಕೊಂಡು ಅವರನ್ನು ತಲುಪಿತು. ಕಾನೂನು ಬದಲಾಗಲು 1996 ಬರಬೇಕಾಯಿತು. ಆ ವರ್ಷದ ಡೈರೆಕ್ಟ್ ಪೇಮೆಂಟ್ (ನೇರ ಹಣ) ಕಾಯ್ದೆಯೇ ಇವತ್ತು ಎಜ್‌ವೇರ್‌ನ ಎರಡೂ ಬದಿಯಲ್ಲಿ ನಡೆಯುತ್ತಿರುವ ಪದ್ಧತಿಯ ಬೇರು. ಲೆ ಕೋರ್ಟ್‌ನ ಆ ನಿವಾಸಿಗಳ ದೃಷ್ಟಿಯಲ್ಲಿ ಸ್ವತಂತ್ರವಾಗಿ ಬದುಕುವುದೆಂದರೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುವುದಲ್ಲ. ಇನ್ನೊಬ್ಬರು ಹಾಕಲಿ, ಆದರೆ ಯಾವ ಅಂಗಿ, ಎಷ್ಟು ಹೊತ್ತಿಗೆ, ಹಾಕುವವರು ಯಾರು ಎಂಬುದು ತಮ್ಮ ಮಾತಿನಂತೆ ನಡೆಯಲಿ.

ದುಡ್ಡು ಕಚೇರಿಯಲ್ಲೇ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಲಂಡನ್ನಿನ ಒಂದು ಮೊಕದ್ದಮೆ ಸಾಕು. ಎಲೇನ್ ಮೆಕ್‌ಡೊನಾಲ್ಡ್ ಸ್ಕಾಟಿಷ್ ಬ್ಯಾಲೆಯ ಪ್ರಧಾನ ನರ್ತಕಿಯಾಗಿದ್ದವರು. 1999ರಲ್ಲಿ ಪಾರ್ಶ್ವವಾಯು ಹೊಡೆಯಿತು. ಮೂತ್ರಕೋಶದ ತೊಂದರೆಯಿಂದ ರಾತ್ರಿ ಎರಡು ಮೂರು ಸಲ ಏಳಲೇಬೇಕು, ಏಳಲು ಇನ್ನೊಬ್ಬರ ಆಸರೆ ಬೇಕು. ಒಮ್ಮೆ ಒಬ್ಬರೇ ಕಮೋಡಿನ ಕಡೆ ಹೊರಟು ಬಿದ್ದು ಸೊಂಟ ಮುರಿದುಕೊಂಡಿದ್ದರು. ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಕೌನ್ಸಿಲ್ ರಾತ್ರಿಗೆ ಸಹಾಯಕಿಯನ್ನು ಒದಗಿಸಿತ್ತು. 2008ರಲ್ಲಿ ಅದು ಮನಸ್ಸು ಬದಲಿಸಿತು: ಪ್ಯಾಡ್ ಕೊಡುತ್ತೇವೆ, ಮೂತ್ರ ಹೀರುವ ಹಾಸು ಕೊಡುತ್ತೇವೆ, ಹಾಸಿಗೆಯಲ್ಲೇ ಆಗಲಿ. ಉಳಿತಾಯ ವರ್ಷಕ್ಕೆ ಸುಮಾರು 22,000 ಪೌಂಡ್. ಅವರಿಗೆ ಮೂತ್ರದ ಮೇಲೆ ಹಿಡಿತ ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಬ್ಬಿಸುವವರಿದ್ದರೆ ಎಲ್ಲರಂತೆ ಕಮೋಡಿಗೆ ಹೋಗಬಲ್ಲವರಾಗಿದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರ ಬಹುಮತದಲ್ಲಿ ಕೌನ್ಸಿಲ್ ಪರ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಲೇಡಿ ಹೇಲ್ ಒಬ್ಬರೇ. ಈ ತರ್ಕ ಒಪ್ಪಿದರೆ ಮಲವಿಸರ್ಜನೆಗೂ ಇದೇ ಉತ್ತರ ಕೊಡಬಹುದಲ್ಲ, ಹಗಲಿಗೂ ಇದನ್ನೇ ಅನ್ವಯಿಸಬಹುದಲ್ಲ ಎಂಬುದು ಅವರ ಆಕ್ಷೇಪದ ಸಾರ. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಂದು ವರ್ಷದಷ್ಟು ಅವಧಿಯ ಮಟ್ಟಿಗೆ ಅವರ ಹಕ್ಕಿಗೆ ಭಂಗವಾಗಿದೆ ಎಂದು ಹೇಳಿ 1,000 ಯೂರೋ ಪರಿಹಾರ ಕೊಡಿಸಿತು. ಉಳಿದ ಅವಧಿಗೆ ಕೌನ್ಸಿಲ್ ಮಾಡಿದ್ದೇ ಸರಿಯಾಯಿತು.

ಪ್ಯಾಡು ಕೂಡ ಒಂದು ಸಾಧನವೇ. ಅಗತ್ಯ ಇರುವವರಿಗೆ ಅದರಿಂದ ಹೊರಗೆ ಓಡಾಡುವ ಧೈರ್ಯ ಬರುತ್ತದೆ. ಅದೇ ವಸ್ತು ಮೆಕ್‌ಡೊನಾಲ್ಡರ ಪಾಲಿಗೆ ಅವಮಾನವಾದದ್ದು ಅದನ್ನು ಆರಿಸಿದವರು ಬೇರೆಯಾಗಿದ್ದರಿಂದ. ಇವತ್ತು ಕೌನ್ಸಿಲ್‌ಗಳು ಸೆನ್ಸರ್, ಕ್ಯಾಮೆರಾ, ಮಾತ್ರೆ ನೆನಪಿಸುವ ಡಬ್ಬಿಗಳ ಬಗ್ಗೆ ಮಾತಾಡುವಾಗಲೆಲ್ಲ ನಾನು ಕೇಳಿಕೊಳ್ಳುವುದು ಇದನ್ನೇ: ಇದು ಬಂದ ಮೇಲೆ ಯಾರ ಭೇಟಿ ನಿಲ್ಲುತ್ತದೆ?

ನೇರ ಹಣದ ಕಥೆಯೂ ಮೇಲಕ್ಕೇ ಏರಲಿಲ್ಲ. ಹೆಚ್ಚು ನೆರವು ಬೇಕಾದವರಿಗೆಂದು 1988ರಲ್ಲಿ ಶುರುವಾದ ಇಂಡಿಪೆಂಡೆಂಟ್ ಲಿವಿಂಗ್ ಫಂಡ್ ದೇಶಕ್ಕೆಲ್ಲ ಒಂದೇ ಚೀಲವಾಗಿತ್ತು. 2010ರಲ್ಲಿ ಹೊಸಬರಿಗೆ ಅದರ ಬಾಗಿಲು ಮುಚ್ಚಿತು. 2015ರ ಜೂನ್ 30ಕ್ಕೆ ಫಂಡೇ ಮುಚ್ಚಿತು. ಅದನ್ನು ನೆಚ್ಚಿಕೊಂಡಿದ್ದ ಸುಮಾರು 18,000 ಜನರ ಹೊಣೆ ಕೌನ್ಸಿಲ್‌ಗಳಿಗೆ ಬಿತ್ತು. ಜೊತೆಗೆ ಹಣವೂ ಬಂತು, ಆದರೆ ಅದನ್ನು ಅವರಿಗೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಬರಲಿಲ್ಲ. ಮುಚ್ಚುವ ಆರು ದಿನ ಮೊದಲು ವೀಲ್‌ಚೇರಿನಲ್ಲಿ ಬಂದ ಪ್ರತಿಭಟನಕಾರರು ಪಾರ್ಲಿಮೆಂಟಿನ ಸಭಾಂಗಣದ ಬಾಗಿಲವರೆಗೂ ನುಗ್ಗಿದ್ದರು. ಸ್ಕಾಟ್ಲೆಂಡ್ ತನ್ನದೇ ಫಂಡ್ ಕಟ್ಟಿ ಉಳಿಸಿಕೊಂಡಿತು. ಎಜ್‌ವೇರ್‌ನವರಿಗೆ ಉಳಿದದ್ದು ರಸ್ತೆಯ ಆ ಬದಿ, ಈ ಬದಿ.

ಮನೆಯ ಒಳಗಿನ ಮಾತಿಗೆ ಬರೋಣ. 1924ರಲ್ಲಿ ಟ್ಯೂಬ್ ರೈಲು ಬಂದ ಮೇಲೆ ಇಲ್ಲಿ ಎದ್ದ ಜೋಡಿಮನೆಗಳಲ್ಲಿ ಬಚ್ಚಲು ಮಹಡಿಯ ಮೇಲೆ, ಮೆಟ್ಟಿಲು ಕಿರಿದು, ಬಾತ್‌ಟಬ್ಬಿನ ಅಂಚು ದಾಟಲು ಕಾಲು ಎತ್ತಬೇಕು. ಅಡುಗೆಮನೆ, ಬಚ್ಚಲುಗಳನ್ನು ಬದಲಿಸಿಕೊಳ್ಳಲು ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಇದೆ. ಇಂಗ್ಲೆಂಡಿನಲ್ಲಿ ಅದರ ಮಿತಿ 30,000 ಪೌಂಡ್. ಈ ಅಂಕಿ 2008ರದ್ದು. ಅಂದಿನಿಂದ ಇಟ್ಟಿಗೆ, ಕೂಲಿ, ಲಿಫ್ಟ್ ಎಲ್ಲದರ ಬೆಲೆ ಏರಿದೆ, ಮಿತಿ ಅಲ್ಲೇ ನಿಂತಿದೆ. ಆಕ್ಯುಪೇಷನಲ್ ಥೆರಪಿಸ್ಟ್ ಬಂದು ಅಳತೆ ತೆಗೆದು, ಅರ್ಜಿ ಓಡಾಡಿ, ಕೊನೆಗೆ ಟಬ್ ಕಿತ್ತು ‘ವೆಟ್ ರೂಮ್’ ಮಾಡಿಸುತ್ತಾರೆ. ನೋಡಿದರೆ ಅದು ನಮ್ಮ ಊರುಗಳ ಬಚ್ಚಲೇ: ಸಮನೆಲ, ಮೂಲೆಯಲ್ಲಿ ತೂಬು, ಕೂರಲು ಸ್ಟೂಲು. ನಮ್ಮ ಬಚ್ಚಲಿನ ಜಾರುವ ಕಲ್ಲು ಮಾತ್ರ ಇಲ್ಲ.

ಕೊಟ್ಟ ಸಾಧನ ಕೆಟ್ಟರೆ? 2025ರ ಆಗಸ್ಟ್‌ನಲ್ಲಿ ಇದರ ಉತ್ತರ ಕಹಿಯಾಗಿಯೇ ಸಿಕ್ಕಿತು. ಹತ್ತಾರು ಕೌನ್ಸಿಲ್‌ಗಳ ಪರವಾಗಿ ಆಸ್ಪತ್ರೆ ಮಂಚ, ಹಾಯ್ಸ್ಟ್, ಕಮೋಡುಗಳನ್ನು ಒದಗಿಸಿ ರಿಪೇರಿ ಮಾಡುತ್ತಿದ್ದ ಎನ್‌ಆರ್‌ಎಸ್ ಹೆಲ್ತ್‌ಕೇರ್ ಕಂಪನಿ ದಿವಾಳಿಯಾಯಿತು. ಹೊಸ ಗುತ್ತಿಗೆದಾರರನ್ನು ಹುಡುಕಲು ಕೌನ್ಸಿಲ್‌ಗಳು ಒದ್ದಾಡಿದವು. ಇನ್ನೊಂದು ಉದಾಹರಣೆ ಕತ್ತಿಗೆ ಹಾಕಿಕೊಳ್ಳುವ ಅಲಾರಂ ಗುಂಡಿ. ಬಿದ್ದಾಗ ಒತ್ತಿದರೆ ಟೆಲಿಫೋನ್ ತಂತಿಯ ಮೂಲಕ ಕರೆ ಹೋಗುತ್ತದೆ, ಅತ್ತಲಿಂದ ಧ್ವನಿ ಕೇಳುತ್ತದೆ, ಬಾಗಿಲ ಪಕ್ಕದ ಕೀ ಸೇಫಿನ ನಂಬರು ಒತ್ತಿ ಯಾರೋ ಒಳಗೆ ಬರುತ್ತಾರೆ. ಇಂಥ ನೆರವನ್ನು ನೆಚ್ಚಿದವರು ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ. ಹಳೆಯ ತಾಮ್ರದ ತಂತಿಯನ್ನು ತೆಗೆದು ಇಂಟರ್ನೆಟ್ ಲೈನಿಗೆ ಬದಲಾಯಿಸುವಾಗ ಕೆಲವು ಅಲಾರಂಗಳು ಸತ್ತುಹೋದವು, ಗಂಭೀರ ಅನಾಹುತಗಳಾದವು. 2023ರ ಡಿಸೆಂಬರಿನಲ್ಲಿ ಸರ್ಕಾರದ ಒತ್ತಡಕ್ಕೆ ಫೋನ್ ಕಂಪನಿಗಳು ಬಲವಂತದ ಬದಲಾವಣೆ ನಿಲ್ಲಿಸಲು ಒಪ್ಪಿದವು, ಆಮೇಲೆ ಗಡುವನ್ನು 2027ರ ಜನವರಿಗೆ ಮುಂದೂಡಲಾಯಿತು. ಮನುಷ್ಯರ ಭೇಟಿ ಕಡಿತ ಮಾಡಿ ಗುಂಡಿ ಕೊಟ್ಟಿದ್ದ ಮನೆಗಳಲ್ಲಿ ಅಲಾರಂ ಸತ್ತ ದಿನ ಬೇರೆ ಆಸರೆ ಏನೂ ಉಳಿದಿರಲಿಲ್ಲ. ಯಂತ್ರಕ್ಕೆ ಅನುದಾನ ಎಂದರೆ ಕೊಳ್ಳುವ ದಿನದ ಬೆಲೆಯಲ್ಲಿ ಮುಗಿಯುವುದಿಲ್ಲ. ಬ್ಯಾಟರಿ, ರಿಪೇರಿ, ಕಲಿಸಿಕೊಡುವವರ ಸಂಬಳ, ಕೆಟ್ಟ ದಿನ ಬರುವ ಆಳು ಇವೆಲ್ಲ ಅದರ ಬೆಲೆಯೊಳಗೇ ಸೇರಬೇಕು.

ದುಡ್ಡು ಕೈಗೆ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಮಾತು ಇದ್ದೇ ಇದೆ. ಪ್ರತ್ಯೇಕ ಖಾತೆ, ರಸೀದಿ, ತಪಾಸಣೆ ಎಲ್ಲ ಇರುವ ಪದ್ಧತಿಗೆ ಈ ಭಯ ಅಷ್ಟಾಗಿ ಒಪ್ಪುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಸಹಾಯಕರನ್ನು ನೇಮಿಸುವುದು, ಸಂಬಳದ ಲೆಕ್ಕ, ರಜೆ, ವಿಮೆ, ಪಿಂಚಣಿ ಎಲ್ಲವನ್ನೂ ನೋಡಿಕೊಳ್ಳುವ ಹೊರೆ ದಣಿದ ದೇಹದ ಮೇಲೇ ಬೀಳುತ್ತದೆ. ನಿಜ. ಅದಕ್ಕೆ ಉತ್ತರ ದುಡ್ಡನ್ನು ಹಿಂದಕ್ಕೆ ಕಿತ್ತುಕೊಳ್ಳುವುದಲ್ಲ, ಲೆಕ್ಕದ ಕೆಲಸಕ್ಕೂ ನೆರವು ಕೊಡುವುದು. ಬಾರ್ನೆಟ್ಟಿನಲ್ಲಿ ಅಂಗವಿಕಲರೇ ನಡೆಸುವ ಇನ್‌ಕ್ಲೂಷನ್ ಬಾರ್ನೆಟ್ ಎಂಬ ಸಂಸ್ಥೆ ಇದೆ, ಮೊದಲು ಅದರ ಹೆಸರು ಬಾರ್ನೆಟ್ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್. ಇಂಥ ಸಂಸ್ಥೆಗಳಿಗೆ ಭದ್ರ ಅನುದಾನ ಇಲ್ಲದಿದ್ದರೆ ನೇರ ಹಣ ಓದು ಬರಹ ಚೆನ್ನಾಗಿ ಬಲ್ಲವರ ಸೌಲಭ್ಯವಾಗಿ ಉಳಿಯುತ್ತದೆ.

ಇನ್ನೊಂದು ಕೆಡುಕಿನ ಬಗ್ಗೆ ಯಾರೂ ಸಾಕಷ್ಟು ಸಿಟ್ಟಾಗುತ್ತಿಲ್ಲ. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದವರು ಆರೈಕೆಯ ಪೂರ್ತಿ ಖರ್ಚು ತಾವೇ ಕೊಡಬೇಕು. ಈ ಗೆರೆ 2010ರಿಂದ ಅಲುಗಿಲ್ಲ. ವೀಲ್‌ಚೇರಿನಲ್ಲಿದ್ದು ದುಡಿಯುವ ಯುವತಿಯೊಬ್ಬಳು ಲಂಡನ್ನಿನಲ್ಲಿ ಮನೆ ಕೊಳ್ಳಲು ಮುಂಗಡ ಕೂಡಿಡುತ್ತಾ ಹೋದರೆ ಒಂದು ಹಂತದಲ್ಲಿ ಬೆಳಗಿನ ಸ್ನಾನದ ಖರ್ಚೆಲ್ಲ ಅವಳ ಮೇಲೇ ಬೀಳುತ್ತದೆ. ಸ್ವತಂತ್ರವಾಗಿ ಬದುಕು ಎಂದು ಹೇಳುತ್ತಾ ಉಳಿಸಬೇಡ ಎಂದೂ ಹೇಳುವ ನೀತಿ ಇದು.

ಕರ್ನಾಟಕದಲ್ಲಿ ನಾವು ಈ ದಾರಿಯ ಆರಂಭದಲ್ಲೇ ಇದ್ದೇವೆ. ಸಾಧನಗಳನ್ನು ಕೊಡಲು 1981ರಿಂದ ಕೇಂದ್ರದ ಎಡಿಪ್ ಯೋಜನೆಯಿದೆ. ಸಾಧನ ಸಲಕರಣೆ ವಿತರಣಾ ಸಮಾರಂಭಗಳನ್ನು ಯಾರು ನೋಡಿಲ್ಲ? ಶಾಮಿಯಾನ, ಸಾಲಾಗಿ ನಿಲ್ಲಿಸಿದ ಟ್ರೈಸಿಕಲ್ಲುಗಳು, ಶಾಸಕರು ಬರುವವರೆಗೆ ಬಿಸಿಲಲ್ಲಿ ಕಾಯುವ ಫಲಾನುಭವಿಗಳು. ಆ ಟ್ರೈಸಿಕಲ್ಲಿನ ಚೈನು ತುಂಡಾದರೆ ಮುಂದಿನ ಸಮಾರಂಭದವರೆಗೆ ಅದು ಹಿತ್ತಲಲ್ಲಿ ತುಕ್ಕು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಯ ವೀಲ್‌ಚೇರಿಗೆ ವ್ಯಾಟ್ ಇಲ್ಲ. ನಮ್ಮಲ್ಲಿ 2017ರಲ್ಲಿ ಜಿಎಸ್‌ಟಿ ಬಂದಾಗ ವೀಲ್‌ಚೇರಿಗೂ ಬ್ರೈಲ್ ಕಾಗದಕ್ಕೂ 5% ಹಾಕಿದರು. ತೀವ್ರ ಅಂಗವಿಕಲರ ಪಿಂಚಣಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ, ಉಳಿದದ್ದು ರಾಜ್ಯ ಸೇರಿಸಿದಷ್ಟು. ಆಳು ಇಟ್ಟುಕೊಳ್ಳಲು ದುಡ್ಡು ಎಂಬ ಕಲ್ಪನೆಯೇ ನಮ್ಮಲ್ಲಿ ಇನ್ನೂ ಬೇರುಬಿಟ್ಟಿಲ್ಲ, ಮನೆಯ ಹೆಂಗಸರು ಇದ್ದಾರಲ್ಲ ಎಂಬ ಭರವಸೆಯ ಮೇಲೇ ಎಲ್ಲ ನಡೆದಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 38ನೇ ಸೆಕ್ಷನ್ ಹೆಚ್ಚಿನ ಬೆಂಬಲ ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು ಎನ್ನುತ್ತದೆ. ಆ ಸೆಕ್ಷನ್ನಿಗೆ ದುಡ್ಡಿನ ಜೀವ ತುಂಬುವುದು ನಮ್ಮ ಸರ್ಕಾರದ ಮುಂದಿನ ಕೆಲಸವಾಗಬೇಕು.

ಎಜ್‌ವೇರ್, ಹ್ಯಾರೋ ಸುತ್ತ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಒಂದು ಮಾತು. ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬ ಅಭಿಮಾನ ಒಳ್ಳೆಯದೇ, ಆದರೆ ಅದು ಹಲವರನ್ನು ಅರ್ಜಿಯಿಂದಲೇ ದೂರ ಇಟ್ಟಿದೆ. ಕೆಲಸದ ವೀಸಾದಲ್ಲಿ ಇರುವವರಿಗೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಆಗಲಿ, ಕೇರರ್ಸ್ ಅಲೋಯನ್ಸ್ ಆಗಲಿ ಸಿಗುವುದಿಲ್ಲ. ಅವು ವೀಸಾ ನಿಷೇಧಿಸುವ ‘ಸಾರ್ವಜನಿಕ ನಿಧಿ’ಯ ಪಟ್ಟಿಯಲ್ಲಿವೆ. ಕೇರ್ ಆಕ್ಟ್ ಅಡಿಯ ಆರೈಕೆ ಆ ಪಟ್ಟಿಯಲ್ಲಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲ ಬಾಗಿಲೂ ಮುಚ್ಚಿದೆ ಎಂದುಕೊಂಡು ಕೂತವರಿದ್ದಾರೆ. ನಿಮ್ಮ ಬದಿಯ ಕೌನ್ಸಿಲ್‌ಗೆ ಬರೆದು ‘ನೀಡ್ಸ್ ಅಸೆಸ್‌ಮೆಂಟ್’ (ನಿಮ್ಮ ಅಗತ್ಯಗಳ ಅಳತೆ) ಕೇಳಿ. ನೋಡಿಕೊಳ್ಳುವ ಅಮ್ಮನಿಗೋ ಗಂಡನಿಗೋ ಪ್ರತ್ಯೇಕವಾಗಿ ಕೇರರ್ ಅಸೆಸ್‌ಮೆಂಟ್ ಕೇಳಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. 1,000 ಪೌಂಡಿನೊಳಗಿನ ಸಣ್ಣಪುಟ್ಟ ಮಾರ್ಪಾಡು, ಹಿಡಿಕೆ, ಕಮೋಡ್ ಕುರ್ಚಿ ಇತ್ಯಾದಿ ಅಗತ್ಯವೆಂದು ತೀರ್ಮಾನವಾದರೆ ಅವಕ್ಕೆ ಶುಲ್ಕವಿಲ್ಲ. ಈ ಅಸೆಸ್‌ಮೆಂಟಿಗೂ ಕಾಸು ಕೊಡಬೇಕಿಲ್ಲ. ನಿಮ್ಮ ಉಳಿತಾಯ ನೋಡಿ ಅದನ್ನು ನಿರಾಕರಿಸುವ ಅಧಿಕಾರ ಯಾವ ಕೌನ್ಸಿಲ್‌ಗೂ ಇಲ್ಲ.