ಗೂಗಲ್ ಮಾಡದೆ ಮಾತಾಡಿದವರಿಗೆ

ಸೋತವರ ಮೇಲೆ ಕನಿಕರ ತೋರುವುದು ಸುಲಭ. ನೂರು ವರ್ಷ ಸೋತವನು ಒಮ್ಮೆ ಗೆದ್ದುಬಿಟ್ಟರೆ ಅದನ್ನು ಸಹಿಸುವುದು ಕಷ್ಟ. ಇಂಡಿಯಾನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಷಯದಲ್ಲಿ ಈಗ ಆಗುತ್ತಿರುವುದು ಇದೇ. (ಇದು ನಾವಾಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ ಅಮೆರಿಕನ್ನರ ಆಟ.) 2023ರ ಕೊನೆಗೆ ಅಲ್ಲಿನ ಪ್ರಮುಖ ಕಾಲೇಜು ತಂಡಗಳ ಪೈಕಿ ಅತಿ ಹೆಚ್ಚು ಸೋಲು ಇದರ ಹೆಸರಿನಲ್ಲಿತ್ತು, ಏಳುನೂರಕ್ಕೂ ಮೇಲೆ. ಆ ನವೆಂಬರಿನಲ್ಲಿ ಕೋಚ್ ಟಾಮ್ ಅಲೆನ್ ಅವರನ್ನು ಕಳಿಸಿ, ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ 62 ವರ್ಷದ ಕರ್ಟ್ ಸಿಗ್ನೆಟ್ಟಿ ಅವರನ್ನು ತಂದರು. ಎರಡನೇ ಋತುವಿನಲ್ಲೇ ತಂಡ ಆಡಿದ ಹದಿನಾರನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅದರ ಬೆನ್ನಿಗೇ ಆಕ್ಷೇಪಣೆಗಳ ಸರಮಾಲೆ.

ಮೊದಲ ಆಕ್ಷೇಪ ಹಳೆಯದು: ಇವರು ಗೆದ್ದದ್ದು ದುರ್ಬಲರ ಮೇಲೆ. 2024ರಲ್ಲಿ ಈ ಮಾತಿಗೆ ತೂಕವಿತ್ತು, ನಾನೂ ಆಡಿದ್ದೇನೆ. ಆ ವರ್ಷ ಹನ್ನೊಂದು ಗೆದ್ದರು, ಎರಡು ಸೋತರು. ಸೋತದ್ದು ಒಹಾಯೊ ಸ್ಟೇಟ್ ಮತ್ತು ನಾಟರ್ ಡೇಮ್ ಎದುರು. ಅಂದರೆ ದೊಡ್ಡವರು ಎದುರಾದ ಕೂಡಲೇ ಮುಗ್ಗರಿಸಿದರು. ಆದರೆ ಅದೇ ಮಾತನ್ನು 2026ರಲ್ಲೂ ಆಡುವವರು ಮಧ್ಯದ ಒಂದು ವರ್ಷ ನಿದ್ದೆ ಮಾಡಿರಬೇಕು. ಆರೆಗನ್ ತಂಡವನ್ನು ಅದರ ಮನೆಯಂಗಳದಲ್ಲೇ 30-20, ಒಹಾಯೊ ಸ್ಟೇಟನ್ನು 13-10, ರೋಸ್ ಬೌಲ್‌ನಲ್ಲಿ ಅಲಬಾಮಾವನ್ನು 38-3, ಮತ್ತೆ ಆರೆಗನ್ನನ್ನು 56-22, ಕೊನೆಗೆ ಮಯಾಮಿಯನ್ನು ಅದರ ಊರಲ್ಲೇ 27-21. ಇವರಲ್ಲಿ ದುರ್ಬಲರು ಯಾರು, ಒಂದು ಹೆಸರು ಹೇಳಲಿ.

ಎರಡನೆಯದು ದುಡ್ಡಿನ ಆಕ್ಷೇಪ. ಬಾಡಿಗೆ ಆಟಗಾರರನ್ನು ತಂದು ಪಟ್ಟ ಕೊಂಡುಕೊಂಡರಂತೆ. ಐಪಿಎಲ್ ಹರಾಜು ನೋಡುತ್ತ ಬೆಳೆದ ನಮಗೆ ಇದು ಬೈಗುಳದ ಹಾಗೆ ಕೇಳಿಸದಿರಬಹುದು, ಆದರೆ ಅಲ್ಲಿ ಇದು ಬೈಗುಳವೇ. ದುಡ್ಡಿತ್ತು, ಇಲ್ಲ ಅನ್ನುವುದಿಲ್ಲ. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ಕೊಡಬಹುದೆಂಬ ಮಿತಿ ಆ ಮೊದಲ ವರ್ಷ ಇತ್ತು. ದಾನಿಗಳ ದುಡ್ಡು ಬೇರೆ. ಆದರೆ ಈ ಬಾಗಿಲು ತೆರೆದದ್ದು ಎಲ್ಲರಿಗೂ. ಪೆನ್ ಸ್ಟೇಟ್ 2025ರ ಋತುವನ್ನು ದೇಶದ ಎರಡನೇ ಸ್ಥಾನದಿಂದ ಶುರು ಮಾಡಿ, ಅಕ್ಟೋಬರ್ ಅರ್ಧ ಮುಗಿಯುವ ಮುಂಚೆಯೇ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಮನೆಗೆ ಕಳಿಸಿತು. ಅವರ ಬಳಿ ದುಡ್ಡಿರಲಿಲ್ಲವೆ?

ಸಿಗ್ನೆಟ್ಟಿ ಕೊಂಡದ್ದು ಏನನ್ನು ಎಂದು ನೋಡಬೇಕು. ಉಳಿದವರು ಹೈಸ್ಕೂಲ್ ಹುಡುಗರ ಹೆಸರಿನ ಮುಂದಿನ ನಕ್ಷತ್ರ ಎಣಿಸುತ್ತಿದ್ದಾಗ ಇವರು ಆಡಿ ತೋರಿಸಿದವರನ್ನು ಹುಡುಕಿದರು. ಮುಂದೆ ಏನಾಗಬಲ್ಲ ಎಂಬುದಕ್ಕಿಂತ ಇಲ್ಲಿಯವರೆಗೆ ಏನು ಮಾಡಿದ್ದಾನೆ ಎಂಬ ಲೆಕ್ಕ ಅದು. ಜೇಮ್ಸ್ ಮ್ಯಾಡಿಸನ್‌ನಿಂದ ಬರುವಾಗ ತಮ್ಮ ಸಹಾಯಕ ಕೋಚ್‌ಗಳನ್ನೂ ಹದಿಮೂರು ಆಟಗಾರರನ್ನೂ ಕರೆತಂದರು. ಹೊಸ ಮನೆಗೆ ಹಳೆಯ ಪಾತ್ರೆ ಪಗಡಿ ಸಾಗಿಸಿದ ಹಾಗೆ. ಅವರಲ್ಲಿ ಡಿಯಾಂಜೆಲೊ ಪಾಂಡ್ಸ್ ಐದಡಿ ಒಂಬತ್ತಿಂಚಿನ ಹುಡುಗ; ಅಳತೆ ಪಟ್ಟಿ ಹಿಡಿದು ಆರಿಸುವವರು ಕಣ್ಣೆತ್ತಿಯೂ ನೋಡುವಂಥವನಲ್ಲ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಮಯಾಮಿಯ ಕ್ಯೂಬಾ ಮೂಲದ ಮನೆತನದವನು. ಹೈಸ್ಕೂಲಿನಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ನಕ್ಷತ್ರ, ಊರಿನ ವಿಶ್ವವಿದ್ಯಾಲಯ ಅವನನ್ನು ಕರೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಡಿ ಇಂಡಿಯಾನಾಗೆ ಬಂದ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2025ರಲ್ಲಿ ಗೆದ್ದ. ಇಂಡಿಯಾನಾಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಅದೇ ಹುಡುಗ ಫೈನಲ್‌ನಲ್ಲಿ ಮಾಡಿದ್ದನ್ನು ನೋಡಿದವರು ಮರೆಯಲಾರರು. ನಮ್ಮಲ್ಲಿ ಆಗ ಜನವರಿ 20ರ ಬೆಳಗು. ಕೊನೆಯ ಕಾಲುಭಾಗದ ಆಟ, ಇಂಡಿಯಾನಾ ಬರೀ ಮೂರು ಅಂಕ ಮುಂದೆ. ನಾಲ್ಕನೆಯ ಯತ್ನ. ಬೇಕಾದಷ್ಟು ಗಜ ದಾಟದಿದ್ದರೆ ಚೆಂಡು ಎದುರಾಳಿಯ ಪಾಲು. ಒದ್ದು ಮೂರು ಅಂಕ ಗಳಿಸುವವರನ್ನೇ ಸಿಗ್ನೆಟ್ಟಿ ಮೊದಲು ಮೈದಾನಕ್ಕಿಳಿಸಿದರು. ಆಮೇಲೆ ಟೈಮ್ ಔಟ್ ಕರೆದು ಅವರನ್ನು ವಾಪಸ್ ಕರೆಸಿ ಮೆಂಡೋಜಾನ ಪಡೆಯನ್ನೇ ಕಳಿಸಿದರು. ಮೆಂಡೋಜಾ ಚೆಂಡನ್ನು ಎಸೆಯಲಿಲ್ಲ, ತಾನೇ ಹಿಡಿದು ನಡುವೆ ನುಗ್ಗಿದ. ಒಬ್ಬ ಬಡಿದ, ಇನ್ನೊಬ್ಬ ಬಡಿದ, ತಿರುಗಿಕೊಂಡ. ಕೊನೆಗೆ ನೆಲಕ್ಕೆ ಸಮಾನಾಂತರವಾಗಿ ಹಾರಿ, ಕೈಚಾಚಿ ಚೆಂಡನ್ನು ಗೆರೆಯಾಚೆ ಮುಟ್ಟಿಸಿದ. ಅವನನ್ನು ಬೇಡವೆಂದಿದ್ದ ವಿಶ್ವವಿದ್ಯಾಲಯದ ಕಣ್ಣೆದುರೇ. ಈ ನುಗ್ಗಾಟಕ್ಕೆ ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕುವವರು ಹಾಕಿಕೊಳ್ಳಲಿ.

ಟಾಮ್ ಅಲೆನ್ ಒಳ್ಳೆಯ ಮನುಷ್ಯ, ಅವರಿಗೆ ಅನ್ಯಾಯವಾಯಿತು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸಿ ಎಂಬುದನ್ನೇ ತಂಡದ ಮಂತ್ರ ಮಾಡಿಕೊಂಡಿದ್ದವರು ಅವರು, 2020ರಲ್ಲಿ ಎಂಟರಲ್ಲಿ ಆರು ಗೆಲ್ಲಿಸಿಯೂ ಇದ್ದರು. ಅದಾದ ಮೂರು ವರ್ಷಗಳಲ್ಲಿ ಒಂಬತ್ತು ಗೆಲುವು, ಇಪ್ಪತ್ತೇಳು ಸೋಲು. ಕರಾರು ಮುರಿದದ್ದಕ್ಕೆ ಅವರಿಗೆ 1.55 ಕೋಟಿ ಡಾಲರ್ ಸಂದಿತು. ಅನ್ಯಾಯವಾದವರಿಗೆ ಅಷ್ಟು ಸಿಗುವ ಊರು ಇನ್ನೆಲ್ಲಿದೆ.

ನನ್ನನ್ನು ನಿಜವಾಗಿ ಕಾಡಿದ್ದು ಓದಿನ ಆಕ್ಷೇಪ: ಓದಿಗೆ ಬೀಗ, ಆಟಕ್ಕೆ ದುಡ್ಡು ಎಂಬುದು. 2025ರಲ್ಲಿ ಇಂಡಿಯಾನಾ ರಾಜ್ಯ ಒಂದು ಕಾನೂನು ತಂದಿತು: ವರ್ಷಕ್ಕೆ ಇಂತಿಷ್ಟು ಮಂದಿ ಪದವಿ ಪಡೆಯದ ಕೋರ್ಸುಗಳನ್ನು ಮುಚ್ಚಬೇಕು, ಇಲ್ಲವೇ ಉಳಿಸಲು ಅನುಮತಿ ಕೇಳಬೇಕು. ಇದೇ ವಿಶ್ವವಿದ್ಯಾಲಯದ ಬ್ಲೂಮಿಂಗ್ಟನ್ ಆವರಣ ಒಂದರಲ್ಲೇ ನೂರಕ್ಕೂ ಹೆಚ್ಚು ಕೋರ್ಸುಗಳು ನಿಂತವು ಅಥವಾ ಬೇರೆಯದರೊಂದಿಗೆ ಸೇರಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿಗ್ನೆಟ್ಟಿಗೆ ಎಂಟು ವರ್ಷದ ಹೊಸ ಕರಾರು, ವರ್ಷಕ್ಕೆ ಸರಾಸರಿ 1.16 ಕೋಟಿ ಡಾಲರ್. ಕೋರ್ಸು ಮುಚ್ಚಿದ್ದು ಫುಟ್‌ಬಾಲ್ ಅಲ್ಲ, ಶಾಸನಸಭೆ. ಕೋಚ್‌ನ ಸಂಬಳ ನಿಲ್ಲಿಸಿದ್ದರೆ ಒಂದು ಭಾಷಾ ವಿಭಾಗವೂ ಉಳಿಯುತ್ತಿರಲಿಲ್ಲ, ಆ ಕಾನೂನು ಎಣಿಸುವುದು ತಲೆಗಳನ್ನು, ಡಾಲರನ್ನಲ್ಲ. ನನ್ನ ಉತ್ತರ ಇಷ್ಟೇ. ಆದರೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ಎರಡು ಸುದ್ದಿ ಕಣ್ಣಿಗೆ ಚುಚ್ಚುತ್ತವೆ. ಚುಚ್ಚುವುದಿಲ್ಲ ಎಂದು ನಾನು ವಾದಿಸುವುದಿಲ್ಲ.

ಇಂಡಿಯಾನಾ ಬ್ಯಾಸ್ಕೆಟ್‌ಬಾಲ್ ನಾಡು, ಅಲ್ಲಿ ಫುಟ್‌ಬಾಲ್ ಮೆರೆಯಬಾರದು ಎಂಬ ದೂರೂ ಇದೆ. ಬ್ಯಾಸ್ಕೆಟ್‌ಬಾಲ್ ತಂಡದ ಐದು ಚಾಂಪಿಯನ್‌ಶಿಪ್ ಬಾವುಟಗಳಲ್ಲಿ ಕೊನೆಯದು 1987ರದ್ದು. ಅದನ್ನು ಯಾರೂ ಇಳಿಸಿಲ್ಲ.

ಇನ್ನುಳಿದದ್ದು ಸೊಕ್ಕು. ಹೊಸದಾಗಿ ಬಂದಾಗ, ಆಟಗಾರರನ್ನು ಏನು ಹೇಳಿ ಒಲಿಸುತ್ತೀರಿ ಎಂದು ಪತ್ರಕರ್ತರು ಕೇಳಿದ್ದಕ್ಕೆ, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಅಂದರು ಸಿಗ್ನೆಟ್ಟಿ. ಏಳುನೂರು ಸೋಲಿನ ಮನೆಗೆ ಬಂದವನ ಬಾಯಲ್ಲಿ ಇಂಥ ಮಾತೇ ಎಂದು ಎಲ್ಲರೂ ನಕ್ಕರು. ನಗುವ ಮೊದಲು ನೋಡಿದ್ದರೆ ಇಷ್ಟು ಸಿಗುತ್ತಿತ್ತು: ಐವತ್ತರ ಹೊಸ್ತಿಲಲ್ಲಿ ಈ ಮನುಷ್ಯ ಹೆಸರಾಂತ ಕೋಚ್ ನಿಕ್ ಸಾಬನ್ ಅವರ ಅಲಬಾಮಾ ಪಾಳೆಯ ಬಿಟ್ಟು, ಸಂಬಳ ಬಹಳ ಕಮ್ಮಿಯಾದರೂ ಸರಿ ಎಂದು, ತನ್ನ ತಂದೆ ಒಂದು ಕಾಲಕ್ಕೆ ಕೋಚ್ ಆಗಿದ್ದ ಪೆನ್ಸಿಲ್ವೇನಿಯಾದ ಸಣ್ಣ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ 53 ಗೆಲುವು, 17 ಸೋಲು. ಮುಂದೆ ಈಲಾನ್ ವಿಶ್ವವಿದ್ಯಾಲಯದಲ್ಲಿ 14, 9. ಜೇಮ್ಸ್ ಮ್ಯಾಡಿಸನ್‌ನಲ್ಲಿ 52, 9.