ಹಿಂದಿ ಬಾರದ ಊರನ್ನು ನಗಿಸಿದ ಕಂತುಗಳು

ಟೀವಿಯ ಹಾಸ್ಯಕ್ಕೆ ಅಂಕ ಹಾಕುವುದು ಈಗ ಮನೆಮನೆಯ ಕೆಲಸವಾಗಿದೆ. 2016ರಲ್ಲಿ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾದ ಮೇಲಂತೂ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಹೋಟೆಲುಗಳಲ್ಲಿ ಯಾರ ಸ್ಕಿಟ್ಟು ಮೇಲು, ಯಾರದು ಸಪ್ಪೆ ಎಂಬ ವಾದ ನಿಂತದ್ದೇ ಇಲ್ಲ. ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ತೀರ್ಪು ಕೊಟ್ಟ ಆ ಮೊದಲ ಸೀಸನ್ನಿನಲ್ಲಿ ಗೆದ್ದ ಶಿವರಾಜ್ ಕೆ.ಆರ್. ಪೇಟೆಯವರ ನಟನೆ ನನಗೂ ಇಷ್ಟವೇ. ಆದರೆ ನನ್ನ ಪಟ್ಟಿ ಕೇಳಿದವರಿಗೆ ನಾನು ಹೇಳುವುದು 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಕಂತುಗಳನ್ನು. ಅದು ಹಿಂದಿಯದಲ್ಲವೇ ಎಂದು ಹುಡುಗರು ಆಕ್ಷೇಪಿಸುತ್ತಾರೆ. ನನ್ನ ಪಟ್ಟಿಗೆ ಆಧಾರವೇ ಆ ಹಿಂದಿ.

ನಾನು ಪೋಸ್ಟ್‌ಮನ್ ಆಗಿದ್ದವನು. ಮೊದಲು ಅಜ್ಜಂಪುರ, ಆಮೇಲೆ ತರೀಕೆರೆ, ಕೊನೆಗೆ ಕಡೂರು. ಮಾಲ್ಗುಡಿ ಬರುತ್ತಿದ್ದ ಕಾಲಕ್ಕೆ ಅಜ್ಜಂಪುರದಲ್ಲಿ ನನ್ನ ಬೀಟಿನಲ್ಲಿ ಟೀವಿ ಇದ್ದ ಮನೆಗಳು ಬೆರಳೆಣಿಕೆ. ಈರುಳ್ಳಿ ಮಂಡಿ ಸಾವ್ಕಾರರೊಬ್ಬರ ನಡುಮನೆಯಲ್ಲಿ ಓಣಿಗೆ ಓಣಿಯೇ ಸೇರುತ್ತಿತ್ತು. ಮಂಡಿಯ ಹಮಾಲರು, ಅಕ್ಕಪಕ್ಕದ ಹೆಂಗಸರು, ಅಮೃತಮಹಲ್ ದನಗಳ ಫಾರಂನಲ್ಲಿ ಕಾವಲಿಗಿದ್ದ ಒಬ್ಬ ಅಜ್ಜ, ನೆಲದ ಮೇಲೆ ಮಕ್ಕಳು. ಹಿಂದಿ ಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೂ ಕೆಲವು ಕಂತುಗಳಿಗೆ ಎಲ್ಲರೂ ಒಟ್ಟಿಗೆ ನಗುತ್ತಿದ್ದರು, ಕೆಲವಕ್ಕೆ ಮಕ್ಕಳು ಮಾತ್ರ ನಗುತ್ತಿದ್ದರು, ಇನ್ನು ಕೆಲವಕ್ಕೆ ಯಾರೂ ನಗುತ್ತಿರಲಿಲ್ಲ. ಒಂದು ಮಾತೂ ಅರ್ಥವಾಗದವರನ್ನು ಯಾವ ಕಂತು ಹೆಚ್ಚು ನಗಿಸಿತೋ ಅದು ನನ್ನ ಪಟ್ಟಿಯಲ್ಲಿ ಮೇಲೆ. ಹಾಸ್ಯಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಭಾಷೆ ಹಿಂದಿಯಾದರೂ ಕಣ್ಣಿಗೆ ಬಿದ್ದದ್ದೆಲ್ಲ ನಮ್ಮದೇ ಆಗಿತ್ತು ಎಂಬುದನ್ನೂ ಹೇಳಬೇಕು. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಚಿತ್ರಿಸಿದ್ದು ಆಗುಂಬೆಯಲ್ಲಿ. ಆ ಹೆಂಚಿನ ಮಾಡು, ಕಂಬದ ಜಗಲಿ, ಮಳೆ ನೆನೆದ ಬೀದಿ ನಮಗೆ ಹೊಸದಲ್ಲ. ಕಥೆಗಳ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಕಂತಿಗೊಂದು ವೇಷದಲ್ಲಿ ರಮೇಶ್ ಭಟ್. ಮಾಲ್ಗುಡಿ ಸ್ಟೇಷನ್ನಾಗಿ ಕಂಡದ್ದು ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು. ತರೀಕೆರೆಯಲ್ಲಿ ಹತ್ತಿದರೆ ಮುಂದೆ ಅದೇ ಹಳಿ. ಈಗ ಆ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಶುರುವಿಗೆ ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ಅದು ಕೇಳಿದರೆ ಸಾಕು, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರೂ ಒಳಗೆ ಬರುತ್ತಿದ್ದರು.

ಮೊದಲ ಸ್ಥಾನ ‘ಎಂಜಿನ್ ಟ್ರಬಲ್’ ಕಂತಿಗೆ. ಇದರಲ್ಲಿ ನನಗೆ ಸಂದೇಹವೇ ಇಲ್ಲ. ಜಾತ್ರೆಯಂಥ ಒಂದು ಮೇಳದ ಲಾಟರಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯನಿಗೆ ರಸ್ತೆ ಸಮ ಮಾಡುವ ಎಂಜಿನ್ ಬಹುಮಾನವಾಗಿ ಬರುತ್ತದೆ. ಊರೆಲ್ಲ ಅಭಿನಂದಿಸುತ್ತದೆ. ಮೇಳ ಮುಗಿದು ಅಂಗಡಿಗಳು ಎದ್ದ ಮೇಲೆ ಮೈದಾನದಲ್ಲಿ ಉಳಿದದ್ದು ಆ ಎಂಜಿನ್ ಒಂದೇ. ಅದನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ಪುರಸಭೆ ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಕೇಳುತ್ತದೆ. ಮಾರೋಣವೆಂದರೆ ಕೊಳ್ಳುವವರಿಲ್ಲ. ಎಳೆಸೋಣವೆಂದು ದೇವಸ್ಥಾನದ ಆನೆ, ಐವತ್ತು ಆಳು ಎಲ್ಲ ತರಿಸಿದರೆ ಅದು ಯಾರದೋ ಕಾಂಪೌಂಡು ಗೋಡೆಗೆ ನುಗ್ಗುತ್ತದೆ. ಆ ಗೋಡೆಯ ದುಡ್ಡೂ ಇವನ ತಲೆಗೆ.

ಮಂಡಿ ಸಾವ್ಕಾರರು ಆವತ್ತು ನಕ್ಕ ಹಾಗೆ ಮತ್ತೆಂದೂ ನಕ್ಕದ್ದನ್ನು ನಾನು ನೋಡಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಇದು ನಮ್ ಈರುಳ್ಳಿ ಕತೆ ಕಣಪ್ಪ ಪೋಸ್ಟಣ್ಣ” ಅಂದರು. ಅವರ ಮಾತು ನನಗೆ ಅಲ್ಲೇ ಹೊಳೆಯಿತು. ಬೆಳೆ ಕೈಗೆ ಬಂದ ವರ್ಷವೇ ಬೆಲೆ ಬೀಳುತ್ತದೆ. ಇಟ್ಟುಕೊಳ್ಳಲು ಜಾಗಕ್ಕೆ ಬಾಡಿಗೆ, ಸಾಗಿಸಲು ಲಾರಿಗೆ ಬಾಡಿಗೆ, ಕೊಳೆತರೆ ಎತ್ತಿಹಾಕುವವರಿಗೆ ಕೂಲಿ. ಫಸಲು ಚೆನ್ನಾಗಿ ಬಂತಂತಲ್ಲ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಅಭಿನಂದಿಸುತ್ತಲೇ ಇರುತ್ತಾರೆ. ನಾರಾಯಣರು ಈರುಳ್ಳಿ ಬೆಳೆದವರಲ್ಲ. ಆದರೆ ಬಂದ ಭಾಗ್ಯಕ್ಕೇ ಬಾಡಿಗೆ ಕಟ್ಟುವ ಸಂಕಟ ಅವರಿಗೆ ಗೊತ್ತಿತ್ತು, ಅದನ್ನು ಮಾತಿಲ್ಲದೆ ತೋರಿಸುವ ಬಗೆ ಶಂಕರ್ ನಾಗ್‌ಗೆ ಗೊತ್ತಿತ್ತು. ಮನುಷ್ಯನ ಆಕಾರ ಇಷ್ಟು, ಎಂಜಿನ್ನಿನ ಆಕಾರ ಅಷ್ಟು. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದರೆ ಹಿಂದಿ ಯಾಕೆ ಬೇಕು?

ಕಥೆ ಮುಗಿಯುವ ರೀತಿಯೂ ದೊಡ್ಡದು. ಭೂಕಂಪವಾಗಿ ಎಂಜಿನ್ ಒಂದು ಹಾಳುಬಾವಿಗೆ ಬೀಳುತ್ತದೆ. ಬಾವಿ ಮುಚ್ಚಿಸು ಎಂದು ಪುರಸಭೆಯಿಂದ ನೋಟಿಸು ತಿಂದಿದ್ದ ಮನೆಯವರು ಬೈಯುವ ಬದಲು ಕೈಮುಗಿಯುತ್ತಾರೆ. ಯಾರೂ ಸೋಲುವುದಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ನಗೆಯ ಕಥೆಯಲ್ಲಿ ಇದು ಸುಲಭವಾಗಿ ಸಿಗುವಂಥದ್ದಲ್ಲ.

ಎರಡನೆಯದು ‘ಲಾಲಿ ರೋಡ್’. ಇದನ್ನು ಇಷ್ಟು ಮೇಲಿಟ್ಟದ್ದಕ್ಕೆ ನನ್ನ ಕಸುಬೂ ಕಾರಣ. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿಯ ಪುರಸಭೆ ಬೀದಿಗಳ ಹೆಸರನ್ನೆಲ್ಲ ಬದಲಾಯಿಸುತ್ತದೆ. ಕಾಗದಗಳು ಸೇರಬೇಕಾದ ಮನೆ ಸೇರುವುದಿಲ್ಲ, ತಾವು ಯಾವ ಬೀದಿಯವರೆಂದು ಜನಕ್ಕೇ ತಿಳಿಯುವುದಿಲ್ಲ. ಟಪಾಲು ಚೀಲ ಹೊತ್ತವರು ಮಾತ್ರ ಇದರ ಪೂರ್ತಿ ರುಚಿ ಬಲ್ಲರು. ತರೀಕೆರೆ ತಾಲ್ಲೂಕಿನಲ್ಲಿದ್ದ ಅಜ್ಜಂಪುರ ಈಗ ತಾಲ್ಲೂಕಾಗಿದೆ, ನಮಗೆಲ್ಲ ಸಂತೋಷವೇ. ಆದರೂ ಹಳೆಯ ವಿಳಾಸ ಬರೆದ ಕಾಗದಗಳು ಬರುತ್ತಲೇ ಇರುತ್ತವೆ, ಯಾರ ಮನೆ ಎಲ್ಲಿ ಎಂಬುದು ಬೋರ್ಡಿನಲ್ಲಲ್ಲ, ಪೋಸ್ಟ್‌ಮನ್ ತಲೆಯಲ್ಲಿ ಇರುತ್ತದೆ. ಬ್ರಿಟಿಷರ ಕಾಲದ ಲಾಲಿ ಸಾಹೇಬನ ಪ್ರತಿಮೆಯನ್ನು ಕ್ರೂರಿಯದೆಂದು ಕಿತ್ತುಹಾಕಿ, ಆಮೇಲೆ ಅವನು ಊರಿಗೆ ಒಳ್ಳೆಯದು ಮಾಡಿದ ಬೇರೊಬ್ಬ ಲಾಲಿ ಎಂದು ತಿಳಿದು ವಾಪಸು ಕೇಳುವ ಭಾಗ ತಮಾಷೆಯಾಗಿದೆ. ಆ ಭಾರಿ ಪ್ರತಿಮೆ ಅಷ್ಟರಲ್ಲಿ ಒಬ್ಬ ಪತ್ರಕರ್ತನ ಮನೆ ಹೊಕ್ಕು ಕೂತಿದೆ. ಅದನ್ನು ಈಚೆ ತೆಗೆಯಬೇಕಾದರೆ ಮನೆಯನ್ನೇ ಒಡೆಯಬೇಕು.

ಮೂರನೆಯದಾಗಿ ‘ಎ ಹೀರೋ’. ಕಡೂರಿನ ನಿವೃತ್ತ ಮೇಷ್ಟ್ರೊಬ್ಬರು ನನ್ನ ಗೆಳೆಯರು. ಇದೇ ಮೊದಲು ಬರಬೇಕು ಎಂದು ಇವತ್ತಿಗೂ ಜಗಳ ಕಾಯುತ್ತಾರೆ. ಹಳ್ಳಿಯ ಹುಡುಗನೊಬ್ಬ ಹುಲಿಯೊಡನೆ ಸೆಣಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಧೈರ್ಯವಿದ್ದರೆ ಇವತ್ತು ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಸ್ವಾಮಿಗೆ ಸವಾಲು ಹಾಕುತ್ತಾನೆ. ಅಜ್ಜಿಯ ಪಕ್ಕ ಬಿಟ್ಟು ಮಲಗಿ ಗೊತ್ತಿಲ್ಲದ ಹುಡುಗ ಹೆದರಿ ಬೆಂಚಿನ ಕೆಳಗೆ ಸೇರಿಕೊಂಡು, ಕತ್ತಲಲ್ಲಿ ಹತ್ತಿರ ಬಂದ ಕಾಲನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲು. ಬೆಳಗಾಗುವಷ್ಟರಲ್ಲಿ ಹುಡುಗ ಊರಿನ ವೀರ, ಪೊಲೀಸರಿಂದಲೂ ಶಹಭಾಸ್. ಮಾರನೆಯ ರಾತ್ರಿ ಮತ್ತೆ ಅಜ್ಜಿಯ ಪಕ್ಕ. ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಅವರ ಆ ಕಣ್ಣುಗಳು, ಒಂದು ಸ್ನಾಯುವನ್ನೂ ಕದಲಿಸದ ಕಾರ್ನಾಡರ ಮುಖ. ನಡುಮನೆಯ ಮಕ್ಕಳು ಇದಕ್ಕೆ ಬಿದ್ದು ಬಿದ್ದು ನಕ್ಕರು. ದೊಡ್ಡವರು ಸುಮ್ಮನೆ ಮುಗುಳ್ನಕ್ಕರು. ಮೂರನೇ ಸ್ಥಾನಕ್ಕೆ ಇಳಿದದ್ದು ಅದಕ್ಕೇ.

ನಾಲ್ಕಕ್ಕೆ ‘ರೋಮನ್ ಇಮೇಜ್’. ನದಿಯಲ್ಲಿ ಸಿಕ್ಕ ಮೂಗು ಮುರಿದ ವಿಗ್ರಹವನ್ನು ರೋಮನ್ನರದೆಂದು ಪಂಡಿತರು ಸಾಧಿಸುತ್ತಾರೆ. ಕಡೆಗೆ ಅದು ಹತ್ತಿರದ ಹಳ್ಳಿಯ ಗುಡಿಯಿಂದ ಪೂಜಾರಿ ನೀರಿಗೆಸೆದ ದ್ವಾರಪಾಲಕ. ಇದಕ್ಕೆ ಮಾತು ತಿಳಿಯಬೇಕು, ಹಾಗಾಗಿ ಅಜ್ಜಂಪುರದಲ್ಲಿ ಯಾರೂ ಅಷ್ಟು ನಗಲಿಲ್ಲ. ಕಥೆಯನ್ನು ನಾನು ಪೂರ್ತಿ ಸವಿದದ್ದು ತರೀಕೆರೆಗೆ ವರ್ಗವಾದ ಮೇಲೆ. 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಸ್ಥಾನದ ಸುತ್ತ ಒಂದೊಂದು ಕಲ್ಲಿಗೂ ಓದಿದವರ ಕಥೆ ಒಂದು, ಊರವರ ಕಥೆ ಇನ್ನೊಂದು. ಎರಡನ್ನೂ ಕೇಳಿಸಿಕೊಂಡು ಬಂದವರಿಗೆ ಈ ಕಂತು ಬಹಳ ಹಿಡಿಸುತ್ತದೆ.

‘ಫಾರ್ಟಿಫೈವ್ ಎ ಮಂತ್’ ಕಂತಿನಲ್ಲಿ ವಿಷ್ಣುವರ್ಧನ್ ಮಾಡಿದ ಗುಮಾಸ್ತನ ಪಾತ್ರವನ್ನು ಬಿಟ್ಟೆನೆಂದು ಬೇಸರಪಡಬೇಡಿ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟು, ಐದು ರೂಪಾಯಿ ಸಂಬಳ ಹೆಚ್ಚಾದದ್ದಕ್ಕೆ ರಾಜೀನಾಮೆ ಕಾಗದವನ್ನು ಮಡಚಿಡುವ ಆ ಮನುಷ್ಯನನ್ನು ಕಂಡು ನಮ್ಮಲ್ಲಿ ಯಾರೂ ನಗಲಿಲ್ಲ. ಹಾಸ್ಯದ ಪಟ್ಟಿಯಲ್ಲಿ ಅದಕ್ಕೆ ಜಾಗ ಹುಡುಕುವುದು ತಪ್ಪು.

ಇಷ್ಟು ಹೇಳಿದ ಮೇಲೆ ಇವತ್ತಿನ ಸ್ಕಿಟ್ಟುಗಳ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನಮ್ಮ ಹುಡುಗ ಹುಡುಗಿಯರಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಸಣ್ಣ ಊರುಗಳಿಂದ ಬಂದು ವೇದಿಕೆ ಹತ್ತುವವರನ್ನು ಕಂಡರೆ ಎದೆ ತುಂಬುತ್ತದೆ. ಆದರೆ ಅವರ ಕೈಗೆ ಕೊಡುವ ಬರವಣಿಗೆ ಬಹಳ ಸಲ ಒಬ್ಬರ ಬಣ್ಣ, ದಪ್ಪ, ಕುಳ್ಳು, ಇಲ್ಲವೇ ಬೇರೆ ಸೀಮೆಯ ಆಡುಮಾತನ್ನು ಹಿಡಿದುಕೊಂಡು ಹೊರಡುತ್ತದೆ. ಗಂಡಸಿಗೆ ಸೀರೆ ಉಡಿಸಿದರೆ ಅರ್ಧ ಕೆಲಸ ಮುಗಿಯಿತು ಎಂದುಕೊಂಡವರಿದ್ದಾರೆ. ಎಲ್ಲಿ ನಗಬೇಕೆಂದು ತೋರಿಸಲು ತೀರ್ಪುಗಾರರ ಮುಖ, ಹಿನ್ನೆಲೆಯ ಸದ್ದು. ಮಾಲ್ಗುಡಿಯಲ್ಲಿ ನಗುವಿನ ಸದ್ದು ಇರಲಿಲ್ಲ. ಆ ಸದ್ದು ಬಂದದ್ದು ನಮ್ಮ ನಡುಮನೆಯಿಂದ. ಮಾತಿನ ಚಮತ್ಕಾರ ನನಗೂ ಬೇಕು. ತರೀಕೆರೆ ಏರಿಯ ಕುರಿಮರಿಗಳನ್ನು ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡು ನಗದ ಕನ್ನಡದ ಮಗು ಇಲ್ಲ. ಆದರೂ ಬರೆಯುವವರು ಒಮ್ಮೆ ತಮ್ಮ ಸ್ಕಿಟ್ಟನ್ನು ದನಿ ಪೂರ್ತಿ ಇಳಿಸಿ ನೋಡಲಿ. ಆಗಲೂ ನಗು ಬಂದರೆ ಅದು ಉಳಿಯುವ ಸ್ಕಿಟ್ಟು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಹೋದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ಅವರು ಇದ್ದಿದ್ದರೆ ಕನ್ನಡದ ಟೀವಿ ಹಾಸ್ಯ ಬೇರೆ ದಾರಿ ಹಿಡಿಯುತ್ತಿತ್ತು ಎಂದೇ ನನ್ನ ನಂಬಿಕೆ.

ಉಳಿದದ್ದು ‘ದಿ ಮಿಸ್ಸಿಂಗ್ ಮೇಲ್’. ಪೋಸ್ಟ್‌ಮನ್ ಕಥೆಗೇ ಪೋಸ್ಟ್‌ಮನ್ ಸ್ಥಾನ ಕೊಡಲಿಲ್ಲವೇಕೆ ಎಂದು ಎಲ್ಲರೂ ಕೇಳುತ್ತಾರೆ. ಅದರ ಮೊದಲರ್ಧ ಮಾತ್ರ ಇದ್ದಿದ್ದರೆ ಎಂಜಿನ್ನನ್ನೂ ಹಿಂದೆ ಹಾಕುತ್ತಿತ್ತು. ತಾನಪ್ಪ ಎಂಬ ಆ ಪೋಸ್ಟ್‌ಮನ್ ಒಂದೊಂದು ಜಗಲಿಯಲ್ಲೂ ಕೂತು, ಕಾಗದದಲ್ಲಿ ಏನಿದೆ, ಉತ್ತರ ಏನು ಬರೆಯಬೇಕು, ಯಾರ ಮಗಳಿಗೆ ಯಾವ ವರ ಎಂದೆಲ್ಲ ಹರಟುತ್ತ ಬೀಟು ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ನಮ್ಮಲ್ಲೂ ಮನಿ ಆರ್ಡರ್ ಕೊಡಲು ಹೋದರೆ ಕಾಗದ ಓದಿಹೇಳಿ, ಮಜ್ಜಿಗೆ ಕುಡಿದು, ಮಗನ ಕೆಲಸದ ವಿಚಾರ ಕೇಳಿಕೊಂಡೇ ಬರಬೇಕಿತ್ತು. ಅಷ್ಟೂ ನಿಜ, ಅಷ್ಟೂ ನಗು.

ದ್ವಿತೀಯಾರ್ಧದಲ್ಲಿ ರಾಮಾನುಜಂ ಎಂಬವರ ಮಗಳ ಮದುವೆ ಗೊತ್ತಾಗುತ್ತದೆ. ಆ ಮುಹೂರ್ತ ತಪ್ಪಿದರೆ ವರ ತರಬೇತಿಗೆ ಹೊರಟುಬಿಡುತ್ತಾನೆ. ಅಷ್ಟರಲ್ಲಿ ಸೇಲಂನಿಂದ ಹತ್ತಿರದ ಬಂಧು ಕಾಯಿಲೆ ಬಿದ್ದ ಕಾರ್ಡು, ಹಿಂದೆಯೇ ಸಾವಿನ ತಂತಿ. ಸೂತಕ ಬಂದರೆ ಮದುವೆ ನಿಲ್ಲುತ್ತದೆಂದು ತಾನಪ್ಪ ಎರಡನ್ನೂ ಬಚ್ಚಿಟ್ಟು, ಮದುವೆ ಮುಗಿದ ಮೇಲೆ ತಂದು ಕೊಡುತ್ತಾನೆ. ನನ್ನ ಕೆಲಸ ಹೋದರೂ ಸರಿ ಎನ್ನುತ್ತಾನೆ. ರಾಮಾನುಜಂ ನೊಂದುಕೊಳ್ಳುತ್ತಾರೆ, ದೂರು ಕೊಡುವುದಿಲ್ಲ.

ಆಗಿದ್ದ 1898ರ ಅಂಚೆ ಕಾಯ್ದೆಯಲ್ಲಿ ಕಾಗದ ಬಚ್ಚಿಡುವುದು ಅಪರಾಧವಾಗಿತ್ತು. ನನ್ನ ತಕರಾರು ಕಾಯ್ದೆಯದಲ್ಲ. ಶಿವನಿ ಕಡೆಯ ಒಂದು ಹಳ್ಳಿಯ ಮದುವೆ ಚಪ್ಪರಕ್ಕೆ ಇಂಥದೇ ತಂತಿಯನ್ನು ನಾನೇ ಒಯ್ದಿದ್ದೇನೆ. ಧಾರೆಗೆ ಇನ್ನೂ ಹೊತ್ತಿತ್ತು. ಯಾರ ಹೆಸರಿಗೆ ಬಂದಿತ್ತೋ ಆ ಹಿರಿಯರನ್ನು, ಹುಡುಗಿಯ ದೊಡ್ಡಪ್ಪನನ್ನು, ಬದಿಗೆ ಕರೆದು ಕೊಟ್ಟೆ. ಓದಿದರು, ಮಡಚಿ ಜುಬ್ಬದ ಜೇಬಿಗಿಟ್ಟರು. “ನೀವು ಊಟ ಮಾಡ್ಕಂಡೇ ಹೋಗ್ಬೇಕು ಪೋಸ್ಟಣ್ಣ” ಎಂದು ಹೇಳಿ ಚಪ್ಪರದೊಳಗೆ ಹೋದರು. ಧಾರೆ ನಡೆಯಿತು. ಸುದ್ದಿಯನ್ನು ಆಮೇಲೆ ಮನೆಯವರಿಗೆ ಅವರೇ ತಿಳಿಸಿದರಂತೆ. ತಾನಪ್ಪ ಹೊತ್ತುಕೊಂಡ ಅದೇ ಭಾರವನ್ನು ಅವರು ಹೊತ್ತರು. ಹೊರುವ ಹಕ್ಕು ಅವರದಾಗಿತ್ತು, ನನ್ನದಲ್ಲ.

ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ತಾನಪ್ಪನ ಪ್ರೀತಿ ದೊಡ್ಡದು, ಫಲವೂ ಒಂದೇ ಆಯಿತಲ್ಲ ಎನ್ನುತ್ತಾರೆ. ಪ್ರೀತಿ ದೊಡ್ಡದೆಂಬುದು ನಿಜ, ಆ ಕಂತನ್ನು ನಾನು ಈಗಲೂ ಸಿಕ್ಕಾಗೆಲ್ಲ ನೋಡುತ್ತೇನೆ. ಪಟ್ಟಿಗೆ ಮಾತ್ರ ಸೇರಿಸುವುದಿಲ್ಲ. ಕಾರ್ಡು ಬಂದ ದಿನವೇ ರಾಮಾನುಜಂ ಕೈಸೇರಬೇಕಿತ್ತು. ಹೊರಟು ಹೋಗಿ ಆ ಬಂಧುವಿನ ಮುಖ ನೋಡಬೇಕೋ, ಮದುವೆ ಮುಗಿಸಬೇಕೋ ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು.