ಹಸಿರು ಬೂಷ್ಟೆಲ್ಲ ಟ್ರೈಕೋಡರ್ಮ ಅಲ್ಲ

ಬೆಳೆಗಾರ ತಾನಾಗಿ ಪ್ರಯೋಗ ಮಾಡಬಾರದು ಎನ್ನುವವರ ಪಕ್ಷ ನಮ್ಮದಲ್ಲ. ಕಾಫಿಯ ‘ಕೆಂಟ್ಸ್’ ತಳಿ ಸರ್ಕಾರಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಎಲೆತುಕ್ಕು ರೋಗವನ್ನು ತಡೆದು ನಿಂತಿದ್ದ ಒಂದು ಗಿಡವನ್ನು 1911ರಲ್ಲಿ ಕೆಂಟ್ ಎಂಬ ಪ್ಲಾಂಟರು ಗುರುತಿಸಿ ಆರಿಸಿದ್ದರಿಂದ ಬಂದದ್ದು. ಮುಂದೆ ತುಕ್ಕಿನ ಹೊಸ ಬಗೆಗಳೆದುರು ಕೆಂಟ್ಸ್ ಸೋತಿತು. ಆಗ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದನ್ನೇ ಬೇರೊಂದು ತಳಿಯೊಡನೆ ಕೂಡಿಸಿ ಎಸ್. 795 ಕೊಟ್ಟಿತು. ಬೆಳೆಗಾರನ ಕಣ್ಣು, ಕೇಂದ್ರದ ಪರೀಕ್ಷೆ ಎರಡೂ ಸೇರಿದಾಗ ಬಂದ ಫಲ ಅದು.

ಈಗಿನ ಪ್ರಯೋಗ ಗಿಡದಿಂದ ಶಿಲೀಂಧ್ರಕ್ಕೆ ಇಳಿದಿದೆ. ನಮ್ಮ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ, ಗದಗ ತಾಲೂಕಿನ ಕೋಟುಮಚಗಿಯಂತಹ ಎರೆಭೂಮಿಯ ಊರುಗಳ ಕಡಲೆಯ ಸೊರಗು ರೋಗಕ್ಕೂ ಹೇಳುವ ಮದ್ದು ಟ್ರೈಕೋಡರ್ಮ. ಪೊಟ್ಟಣ ಕೊಳ್ಳುವ ಬದಲು ಬೇಯಿಸಿದ ಜೋಳದ ಮೇಲೆ ಮನೆಯಲ್ಲೇ ಬೆಳೆಸಿದರೆ ಖರ್ಚು ಉಳಿಯುತ್ತದೆ, ನಿಜ. ಆದರೆ ಕಾಳು ಸರಿಯಾಗಿ ಶುದ್ಧಿಯಾಗದಿದ್ದರೆ ಅದೇ ಜೋಳದ ಮೇಲೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆಯಬಲ್ಲದು. ಅದೂ ಹಳದಿ ಮಿಶ್ರಿತ ಹಸಿರು. ಬರಿಗಣ್ಣಿಗೆ ಎರಡೂ ಒಂದೇ!

ಈ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ನಾಶವಾಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರರಷ್ಟು ಜನ ಸತ್ತರು. ಕೆಟ್ಟ ಕಾಳನ್ನು ‘ದನಕ್ಕಾದರೂ ಆದೀತು’ ಎಂದು ಹಾಕಿದರೆ ವಿಷ ಹಾಲಿಗೂ ಇಳಿಯುತ್ತದೆ.

ಹಾಗೆಂದು ಕೈಕಟ್ಟಿ ಕೂರಬೇಕೆ? ಬೇಡ. ಬೋರ್ಡೋ ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವ ಪರೀಕ್ಷೆ ನಮಗೆಲ್ಲ ಗೊತ್ತು. ಬೂಷ್ಟಿಗೆ ಅಂತಹ ಚಾಕು ಮನೆಯಲ್ಲಿಲ್ಲ. ಆದುದರಿಂದ ಕಾಳಿನ ಮೇಲೆ ಬೆಳೆಸುವ ಕೆಲಸ ಪ್ರಯೋಗಶಾಲೆಗಿರಲಿ. ನಂಬಿಕೆಯ ಕೇಂದ್ರದಿಂದ ಹೊಸ ಪೊಟ್ಟಣ ತಂದು, 90 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1 ಕಿಲೋದಂತೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಎರಡು ವಾರ ಇಡಬಹುದು. ಅಡುಗೆಮನೆಯ ಪಾತ್ರೆ ಬೇಡ; ಮೂಗಿಗೆ ಬಟ್ಟೆ ಕಟ್ಟಿರಿ. ನಾಲ್ಕು ಬಳ್ಳಿಗಳನ್ನು ಗೊಬ್ಬರ ಹಾಕದೆ ಹಾಗೇ ಬಿಟ್ಟು ಹೋಲಿಸಿ ನೋಡಿರಿ. ಅನುಮಾನ ಬಂದರೆ ಮಾದರಿಯನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ; ಗದಗ ಕಡೆಯವರಿಗೆ ಹುಲಕೋಟಿಯಲ್ಲೇ ಇದೆ.

ಪ್ರಯೋಗ ಮಾಡುವ ಬೆಳೆಗಾರರು ಇನ್ನೂ ಹೆಚ್ಚಲಿ. ಆದರೆ ಅದರ ಅಪಾಯ ಮನೆಮಂದಿಯ ತಟ್ಟೆಗೆ ಬಾರದಿರಲಿ ಎಂಬುದೇ ನಮ್ಮ ಕಳಕಳಿ.